ಸೋಲಾರ್ ಇನ್ವರ್ಟರಿಗೆ ವೈಫೈ: ನಾವೇ ಜೋಡಿಸಿಕೊಳ್ಳಬಹುದು

ಮನೆ ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್ ಕೂಡ್ರಿಸುವವರು ನಮ್ಮ ರಾಯಚೂರು ಸೀಮೆಯಲ್ಲೂ ಹೆಚ್ಚಾಗುತ್ತಿದ್ದಾರೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರದ ಪಿಎಂ ಸೂರ್ಯಘರ್ ಯೋಜನೆ ಶುರುವಾಯಿತು. ಅದರಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು ಎಷ್ಟೇ ಇದ್ದರೂ 78,000 ರೂಪಾಯಿ ಸಬ್ಸಿಡಿ. ಉಳಿದದ್ದು ನಮ್ಮ ಗಂಟಿನಿಂದ ಇಲ್ಲವೇ ಸಾಲದಿಂದ. ಎಮ್ಮೆ ದಿನಕ್ಕೆ ಎಷ್ಟು ಹಾಲು ಕೊಡುತ್ತದೆ ಅಂತ ಲೆಕ್ಕ ಇಡದ ಮನೆ ಇಲ್ಲ. ಇಷ್ಟು ದುಡ್ಡು ಸುರಿದ ಪ್ಯಾನೆಲ್ ದಿನಕ್ಕೆ ಎಷ್ಟು ಯೂನಿಟ್ ಕೊಡುತ್ತದೆ ಅಂತ ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಅದನ್ನು ಫೋನಿನಲ್ಲೇ ನೋಡಲು ಇನ್ವರ್ಟರಿಗೆ ವೈಫೈ ಜೋಡಿಸಬೇಕು. ನಾನು ಓದಿದ್ದು ಏಳನೇ ಕ್ಲಾಸು. ನನ್ನ ಕೈಲಿ ಆಗಿದ್ದು ಯಾರ ಕೈಲಾದರೂ ಆಗುತ್ತದೆ.

ಯಾಕೆ ಬೇಕು?

ಮೊದಲು ಒಂದು ಮಾತು ಸ್ಪಷ್ಟ ಇರಲಿ. ವೈಫೈ ಇಲ್ಲದಿದ್ದರೂ ಇನ್ವರ್ಟರ್ ಕರೆಂಟು ಮಾಡುತ್ತದೆ. ವೈಫೈ ಬರೀ ಕಣ್ಣು ಇದ್ದ ಹಾಗೆ, ಕೈ ಅಲ್ಲ. ಆದರೆ ಈ ಕಣ್ಣು ಬೇಕೇ ಬೇಕು. ಸಬ್ಸಿಡಿಯಲ್ಲಿ ಬರುವ ಹೆಚ್ಚಿನವು ಬ್ಯಾಟರಿ ಇಲ್ಲದವು, ಲೈನಿಗೆ ಜೋಡಿಸಿದಂಥವು. ಸೋಲಾರ್ ನಿಂತು ಹೋದರೂ ಮನೆಯ ದೀಪ ಆರುವುದಿಲ್ಲ, ಫ್ಯಾನು ತಿರುಗುತ್ತಲೇ ಇರುತ್ತದೆ. ಕರೆಂಟು ಲೈನಿನಿಂದ ಬರುತ್ತಿರುತ್ತದೆ. ನಿಂತದ್ದು ಗೊತ್ತಾಗುವುದು ಬಿಲ್ಲು ಬಂದಾಗಲೇ.

ಮಾನವಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಹೀಗೇ ಆಯಿತು. ಅವರದು 3 ಕಿಲೋವ್ಯಾಟ್. ಒಂದು ಸಂಜೆ ಗುಡುಗು ಸಿಡಿಲಿನ ಮಳೆ ಬಂದಾಗ ಇನ್ವರ್ಟರ್ ಪಕ್ಕದ ಬ್ರೇಕರ್ ಕೆಳಗೆ ಬಿದ್ದಿತ್ತು. ಹತ್ತೊಂಬತ್ತು ದಿನ ಯಾರೂ ನೋಡಲಿಲ್ಲ. ದಿನಕ್ಕೆ 12 ಯೂನಿಟ್ ಹಿಡಿದರೆ 228 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಅಂತ ಇಟ್ಟರೂ 1,368 ರೂಪಾಯಿ. ಬ್ರೇಕರ್ ಮೇಲೆತ್ತಲು ಹಿಡಿದದ್ದು ಒಂದು ಗಳಿಗೆ. ಫೋನಿನಲ್ಲಿ ಕಾಣುವಂತಿದ್ದರೆ ಮರುದಿನವೇ ಗೊತ್ತಾಗುತ್ತಿತ್ತು.

ಡಾಂಗಲ್ ಅಂದರೇನು?

ಇನ್ವರ್ಟರಿನ ಅಡಿಯಲ್ಲಿ ಹೆಬ್ಬೆರಳು ಗಾತ್ರದ ಒಂದು ತುಂಡು ಚುಚ್ಚಿರುತ್ತದೆ. ಅದಕ್ಕೆ ಡಾಂಗಲ್ ಅಂತಾರೆ, ಕೆಲವರು ಲಾಗರ್ ಅಂತಾರೆ. ಇನ್ವರ್ಟರ್ ಲೆಕ್ಕ ಇಡುತ್ತದೆ, ಡಾಂಗಲ್ ಅದನ್ನು ಮನೆಯ ವೈಫೈ ಮುಖಾಂತರ ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿಂದ ನಮ್ಮ ಫೋನಿನ ಆಪ್‌ಗೆ ಬರುತ್ತದೆ. ಹೀಗಾಗಿ ಹೊಲದಲ್ಲಿ ನಿಂತರೂ ನೋಡಬಹುದು.

ಜೋಡಿಸುವ ಕ್ರಮ

ಬಿಸಿಲಿದ್ದಾಗಲೇ ಈ ಕೆಲಸ ಹಿಡಿಯಿರಿ. ಬ್ಯಾಟರಿ ಇಲ್ಲದ ಇನ್ವರ್ಟರ್ ಸಾಮಾನ್ಯವಾಗಿ ರಾತ್ರಿ ಮಲಗುತ್ತದೆ, ಡಾಂಗಲ್ಲೂ ಅದರ ಜೊತೆ ಮಲಗುತ್ತದೆ.

1. ಮನೆಯ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಹಾಳೆಯಲ್ಲಿ ಬರೆದುಕೊಳ್ಳಿ. ದೊಡ್ಡಕ್ಷರ, ಸಣ್ಣಕ್ಷರ ಇದ್ದದ್ದು ಇದ್ದಂಗೇ ಇರಬೇಕು.

2. ಇನ್ವರ್ಟರ್ ಕಂಪನಿಯ ಆಪ್ ಫೋನಿಗೆ ಹಾಕಿ, ನಿಮ್ಮ ಹೆಸರಿನಲ್ಲಿ ಖಾತೆ ತೆರೆಯಿರಿ. ಡಾಂಗಲ್ ಮೇಲಿನ ಚೌಕದ ಗುರುತನ್ನು ಫೋನಿನ ಕ್ಯಾಮರಾದಿಂದ ಸ್ಕ್ಯಾನ್ ಮಾಡಿದರೆ ಅದರ ನಂಬರು ಆಪ್‌ನಲ್ಲಿ ಕೂಡುತ್ತದೆ.

3. ಈಗ ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ. ವೈಫೈ ಪಟ್ಟಿ ತೆಗೆದರೆ ಡಾಂಗಲ್ಲಿನ ಹೆಸರು ಕಾಣುತ್ತದೆ. ಹೆಚ್ಚಾಗಿ ಅದರಲ್ಲಿ ಡಾಂಗಲ್ ನಂಬರು ಇರುತ್ತದೆ. ಅದಕ್ಕೆ ಫೋನನ್ನು ಜೋಡಿಸಿ. ಪಾಸ್‌ವರ್ಡ್ ಕೇಳಿದರೆ ಡಾಂಗಲ್ ಚೀಟಿಯಲ್ಲೋ, ಜೊತೆಗೆ ಬಂದ ಪುಸ್ತಕದಲ್ಲೋ ಇರುತ್ತದೆ. “ಇದರಲ್ಲಿ ಇಂಟರ್‌ನೆಟ್ ಇಲ್ಲ” ಅಂತ ಫೋನು ಹೇಳುತ್ತದೆ. ಹೇಳಲಿ ಬಿಡಿ, ಜೋಡಣೆ ಬಿಡಿಸಬೇಡಿ.

4. ಆಪ್‌ಗೆ ಮರಳಿ, ಮನೆಯ ವೈಫೈ ಹೆಸರು ಆರಿಸಿ, ಪಾಸ್‌ವರ್ಡ್ ಹಾಕಿ ಒಪ್ಪಿಗೆ ಕೊಡಿ. ಕೆಲವು ಡಾಂಗಲ್‌ಗಳಿಗೆ ಆಪ್ ಬದಲು ಫೋನಿನ ಬ್ರೌಸರಿನಲ್ಲಿ 10.10.100.254 ಅಂತ ಬಡಿಯಬೇಕಾಗುತ್ತದೆ. ಯಾವುದು ಅಂತ ಪುಸ್ತಕ ನೋಡಿ ತಿಳಿಯಿರಿ.

5. ಹತ್ತು ನಿಮಿಷ ಕಾಯಿರಿ. ಡಾಂಗಲ್ಲಿನ ದೀಪ ಪುಸ್ತಕದಲ್ಲಿ ಹೇಳಿದಂತೆ ನಿಂತರೆ ಕೆಲಸ ಮುಗಿಯಿತು.

ಡಾಂಗಲ್ ಬಿಟ್ಟು ಬೇರೆ ಯಾವ ವೈರಿಗೂ ಕೈ ಹಚ್ಚಬೇಡಿ. ಆರು ಪ್ಯಾನೆಲ್ ಸಾಲಾಗಿ ಜೋಡಿಸಿದ್ದರೆ ಹಗಲಲ್ಲಿ ಆ ವೈರಿನಲ್ಲಿ 300 ವೋಲ್ಟಿನ ಆಸುಪಾಸು ಇರುತ್ತದೆ. ಲೈನ್ ಕರೆಂಟು ಹೋಗಿದ್ದರೂ ಅದು ಇರುತ್ತದೆ. ಜೀವಕ್ಕೆ ಎರವಾದೀತು.

ಮೂರು ಕಡೆ ಮೂರು ತೊಡಕು

ನಮ್ಮ ಮನೆತನದ ಮೂರು ಕಡೆ ನಾನು ಇದನ್ನು ಜೋಡಿಸಿದೆ. ಮೂರು ಕಡೆಯೂ ಬೇರೆ ಬೇರೆ ತೊಡಕು.

ರಾಯಚೂರು ನಗರದಲ್ಲಿ ಮಗನ ಮನೆಗೆ ಹೊಸ ಫೈಬರ್ ಲೈನು ಇದೆ. ಆದರೂ ಡಾಂಗಲ್ ಹಿಡಿಯಲಿಲ್ಲ. ಕಾರಣ, ಹೊಸ ರೌಟರು ಎರಡು ಬಗೆಯ ಅಲೆ ಬಿಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಹೆಚ್ಚಿನ ಡಾಂಗಲ್‌ಗಳಿಗೆ ತಿಳಿಯುವುದು 2.4 ಮಾತ್ರ. ಎರಡಕ್ಕೂ ಒಂದೇ ಹೆಸರಿದ್ದರೆ ತಕರಾರು. ಮಗ ರೌಟರಿನಲ್ಲಿ ಎರಡಕ್ಕೂ ಬೇರೆ ಹೆಸರು ಕೊಟ್ಟ, ಆಮೇಲೆ ಹಿಡಿಯಿತು. “ಯಪ್ಪಾ, ಇದು ಒಂದು ಮಾತು ಗೊತ್ತಿಲ್ಲದಕ್ಕ ಎರಡು ತಾಸು ಹೋತು ನೋಡು” ಅಂದ.

ಮಾನವಿಯಲ್ಲಿ ರೌಟರು ಪಡಸಾಲೆಯಲ್ಲಿ, ಇನ್ವರ್ಟರ್ ಮಾಳಿಗೆ ಮೆಟ್ಟಿಲ ಕೆಳಗೆ. ನಡುವೆ ಎರಡು ಕಲ್ಲಿನ ಗೋಡೆ. ಇನ್ವರ್ಟರ್ ಹತ್ತಿರ ಫೋನು ಹಿಡಿದು ನಿಂತು ನೋಡಿದರೆ ವೈಫೈ ಗೆರೆ ಒಂದೇ ಇತ್ತು. ಫೋನಿಗೇ ಸಿಗದ್ದು ಡಾಂಗಲ್ಲಿಗೆ ಎಲ್ಲಿಂದ ಸಿಗಬೇಕು? ರೌಟರನ್ನು ಮೆಟ್ಟಿಲ ಕಡೆಯ ಕಿಟಕಿಗೆ ಸರಿಸಿದೆವು, ಸರಿಯಾಯಿತು. ಸರಿಸಲು ಆಗದವರು ರಿಪೀಟರ್ ಹಾಕಿಕೊಳ್ಳಬಹುದು.

ನಾನಿರುವುದು ದೇವದುರ್ಗ ತಾಲೂಕಿನ ಹಳ್ಳಿಯಲ್ಲಿ. ಮನೆಗೆ ಯಾವ ಕೇಬಲ್ಲೂ ಇಲ್ಲ. ಫೋನಿನ ಹಾಟ್‌ಸ್ಪಾಟನ್ನೇ ಮನೆಯ ವೈಫೈ ಅಂತ ಡಾಂಗಲ್ಲಿಗೆ ತೋರಿಸಿದೆ. ಅದನ್ನೂ 2.4ಕ್ಕೇ ಇಡಬೇಕು. ಇದಕ್ಕೆ ಬೇಕಾದ ಡೇಟಾ ಬಹಳ ಕಡಿಮೆ. ಜೋಡಿಸುವಾಗ ಎರಡು ಫೋನು ಬೇಕು: ಒಂದು ಹಾಟ್‌ಸ್ಪಾಟಿಗೆ, ಇನ್ನೊಂದು ಆಪ್‌ಗೆ. ನಾನು ಹೊಲಕ್ಕೆ ಹೋದರೆ ಹಾಟ್‌ಸ್ಪಾಟೂ ನನ್ನ ಜೊತೆ ಹೋಗುತ್ತದೆ. ಆದರೆ ಇನ್ವರ್ಟರ್ ಒಳಗೆ ಒಟ್ಟು ಯೂನಿಟ್ ಲೆಕ್ಕ ಇದ್ದೇ ಇರುತ್ತದೆ. ಸಂಜೆ ಬಿಸಿಲಿಳಿಯುವ ಮೊದಲು ಮನೆಗೆ ಬಂದರೆ ಆ ಲೆಕ್ಕ ಆಪ್‌ಗೆ ಬರುತ್ತದೆ. ಹೊಸದಾಗಿ ಹಾಕಿಸುವ ಹಳ್ಳಿಯವರು ಸಿಮ್ ಹಾಕುವ ಡಾಂಗಲ್ ಕೇಳಿ ಪಡೆಯುವುದು ಒಳ್ಳೆಯದು.

ರೌಟರ್ ಬದಲಾಯಿಸಿದರೆ ಡಾಂಗಲ್ ಕುರುಡಾಗುತ್ತದೆ. ಹೊಸ ರೌಟರಿಗೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಟ್ಟರೆ ಮತ್ತೆ ಜೋಡಿಸುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ.

ಏನು ನೋಡಬೇಕು?

ರಾತ್ರಿ “ಆಫ್‌ಲೈನ್” ಅಂತ ತೋರಿಸಿದರೆ ಗಾಬರಿ ಬೇಡ. ಹಗಲಲ್ಲಿ ತೋರಿಸಿದರೆ ಮೊದಲು ಲೈನಿನ ಕರೆಂಟು ಇದೆಯೋ ನೋಡಿ. ಅದು ಹೋದಾಗ ಇಂಥ ಇನ್ವರ್ಟರೂ ತಾನಾಗಿ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತಲೇ ಹಾಗೆ ಮಾಡಿದ್ದಾರೆ.

ಒಳ್ಳೆ ಬಿಸಿಲಿನ ದಿನ 1 ಕಿಲೋವ್ಯಾಟಿಗೆ ಸುಮಾರು 4 ಯೂನಿಟ್ ಬರಬೇಕು. ಮೋಡವಿದ್ದರೆ ಅರ್ಧಕ್ಕೂ ಇಳಿಯಬಹುದು. ಮೇ ತಿಂಗಳ ಬಿಸಿಲು ಕಂಡು ಬಹಳ ಬರುತ್ತದೆ ಅಂದುಕೊಳ್ಳಬೇಡಿ. ಪ್ಯಾನೆಲ್ ಕಾದಷ್ಟೂ ಇಳುವರಿ ಕಡಿಮೆ. ಬಿಸಿಲು ಚೆನ್ನಾಗಿದ್ದೂ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಮೊದಲು ಧೂಳು ತೊಳೆಯಿರಿ. ತೊಳೆಯುವುದು ಬೆಳಗಿನ ತಂಪಿನಲ್ಲಿ.

“ಗ್ರಿಡ್ ಓವರ್ ವೋಲ್ಟೇಜ್” ಅಂತ ಬಂದರೆ ಲೈನಿನ ವೋಲ್ಟೇಜ್ ಮಿತಿ ಮೀರಿ ಇನ್ವರ್ಟರ್ ಬಿಟ್ಟುಕೊಟ್ಟಿದೆ ಅಂತ ಅರ್ಥ. ಎಷ್ಟು ಗಂಟೆಗೆ, ಎಷ್ಟು ವೋಲ್ಟ್ ಅಂತ ಆಪ್‌ನಲ್ಲಿ ಇರುತ್ತದೆ. ಅದನ್ನು ಬರೆದು ಅರ್ಜಿ ಕೊಟ್ಟರೆ ಮಾತಿಗೆ ತೂಕ ಬರುತ್ತದೆ. “ಐಸೋಲೇಷನ್ ಫಾಲ್ಟ್” ಅಂತ ಬಂದರೆ ವೈರಿನ ಹೊದಿಕೆಯಲ್ಲೋ ಜೋಡಣೆಯಲ್ಲೋ ದೋಷ ಇರಬಹುದು. ಮುಟ್ಟಬೇಡಿ, ಹಾಕಿಕೊಟ್ಟವರನ್ನು ಕರೆಸಿ.

ಆಪ್‌ನ ಯೂನಿಟ್ಟಿಗೂ ಬಿಲ್ಲಿನ ಯೂನಿಟ್ಟಿಗೂ ತಾಳೆ ಬೀಳುವುದಿಲ್ಲ ಅಂತ ಕೆಲವರು ಕೇಳುತ್ತಾರೆ. ಆಪ್ ತೋರಿಸುವುದು ಒಟ್ಟು ಉತ್ಪನ್ನ. ಅದರಲ್ಲಿ ಮನೆ ತಿಂದು ಉಳಿದದ್ದಷ್ಟೇ ಜೆಸ್ಕಾಂ ಮೀಟರಿನಲ್ಲಿ ಹೊರಗೆ ಹೋದದ್ದು ಅಂತ ದಾಖಲಾಗುತ್ತದೆ. ಬೆಳೆದ ಜೋಳವೇ ಬೇರೆ, ಪೇಟೆಗೆ ಹೋದ ಜೋಳವೇ ಬೇರೆ.

ಖಾತೆ ನಮ್ಮ ಹೆಸರಲ್ಲೇ ಇರಲಿ

ಬಹಳ ಕಡೆ ಪ್ಯಾನೆಲ್ ಹಾಕಲು ಬಂದ ಹುಡುಗರು ತಮ್ಮ ನಂಬರಿನಲ್ಲೇ ಖಾತೆ ತೆರೆದು ಹೋಗುತ್ತಾರೆ. ಒಂದು ಖಾತೆಗೆ ಕೂಡಿಸಿದ ಡಾಂಗಲ್ಲನ್ನು ಇನ್ನೊಂದು ಖಾತೆ ಹೆಚ್ಚಾಗಿ ಒಪ್ಪುವುದಿಲ್ಲ. ಆಮೇಲೆ ಅವರನ್ನು ಹುಡುಕುತ್ತ ತಿರುಗಬೇಕು. ಕೊನೆಯ ಕಂತು ಕೊಡುವ ಮೊದಲೇ ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಡಾಂಗಲ್ಲಿನ ಮೂಲ ಪಾಸ್‌ವರ್ಡ್ ಬದಲಿಸಿ. ಇನ್ವರ್ಟರ್ ನಂಬರು, ಡಾಂಗಲ್ ನಂಬರು, ಪಾಸ್‌ವರ್ಡ್, ಹಾಕಿದ ತಾರೀಕು, ಇಷ್ಟನ್ನು ಪಾಸ್‌ಬುಕ್ ಇಡುವ ಜಾಗದಲ್ಲೇ ಬರೆದಿಡಿ.

ಅಕ್ಕ ಈಗ ದಿನಾ ಸಂಜೆ ಕ್ಯಾಲೆಂಡರಿನ ಚೌಕದಲ್ಲಿ ಆ ದಿನದ ಯೂನಿಟ್ ಬರೆಯುತ್ತಾಳೆ, ಹಾಲಿನ ಲೆಕ್ಕದ ಕೆಳಗೆ. ಅಷ್ಟು ಮಾಡಿದರೆ ಸಾಕು. ಅಂಕಿ ಬಿದ್ದ ದಿನವೇ ತಪ್ಪು ಗೊತ್ತಾಗುತ್ತದೆ.