ಗೋಡೆ ತುಂಬ ಜಾಹೀರಾತು, ಬಾಗಿಲಿಗೆ ಬೀಗ

"ಅಮ್ಮಾ, ಸ್ವಲ್ಪ ನೀರು ಕುಡಿ."

"ಬೇಡ ಕಣೇ, ಆಮೇಲೆ ದಾರೀಲಿ ಎಲ್ಲಿಗೆ ಹೋಗ್ಲಿ?"

ಬೆಂಗಳೂರಿಂದ ಹುಬ್ಬಳ್ಳಿಗೆ ಹೊರಟಾಗಲೆಲ್ಲ ನಮ್ಮಿಬ್ಬರ ಮಾತು ಇದೇ. ಹೋದ ಸಲ ಹೆದ್ದಾರಿ ಪಕ್ಕ ಶೌಚಾಲಯ ಕಂಡಿತು ಅಂತ ಕಾರು ನಿಲ್ಲಿಸಿದೆ. ಗೋಡೆ ತುಂಬ ಜಾಹೀರಾತು, ಬಾಗಿಲಿಗೆ ಬೀಗ. ಅಮ್ಮ ಏನೂ ಅನ್ನದೆ ಬಾಟಲಿ ಮುಚ್ಚಿಟ್ಟಳು.

ಕಟ್ಟೋಕೆ ಒಂದು ಸಲ ಹಣ ಸಿಗುತ್ತೆ. ದಿನಾ ತೊಳೆಯೋಕೆ, ನೀರಿಗೆ, ಕೆಲಸದವರ ಸಂಬಳಕ್ಕೆ?

ಅಮೆರಿಕದಲ್ಲೂ ಇದೇ ಕಥೆ. ದುಡ್ಡಿಲ್ಲವೆಂದು ವರ್ಜೀನಿಯಾ ರಾಜ್ಯ 2009ರಲ್ಲಿ ಹೆದ್ದಾರಿ ಬದಿಯ 19 ವಿಶ್ರಾಂತಿ ತಾಣಗಳನ್ನು ಮುಚ್ಚಿತು. ವಿಷಯ ಚುನಾವಣೆವರೆಗೂ ಹೋಯ್ತು. 2010ರಲ್ಲಿ ಹೊಸ ಗವರ್ನರ್ ಮತ್ತೆ ತೆರೆಸಿದರು. ಅಲ್ಲಿನ ಇಂಟರ್‌ಸ್ಟೇಟ್ ಹೆದ್ದಾರಿಗಳ ಬಹುತೇಕ ತಾಣಗಳಲ್ಲಿ ಹೋಟೆಲ್, ಪೆಟ್ರೋಲ್ ಬಂಕ್ ಇಡಲು ಫೆಡರಲ್ ಕಾನೂನು ಬಿಡುವುದಿಲ್ಲ. ಹಾಗಾಗಿ ಪ್ರಾಯೋಜಕರ ಮೊರೆ. ಮುಂದೆ ಗೈಕೋ ಎಂಬ ವಿಮಾ ಕಂಪನಿ ಹಣ ಕೊಟ್ಟಿತು. ತಾಣಗಳು 'ಸೇಫ್ ಫೋನ್ ಝೋನ್' ಆದವು: ಫೋನ್ ನೋಡಬೇಕಾ, ಇಲ್ಲಿ ನಿಲ್ಲಿಸಿ ನೋಡಿ. ಬೋರ್ಡಿನಲ್ಲಿ ಕಂಪನಿ ಹೆಸರು.

ನಮ್ಮಲ್ಲೂ ಕಂಪನಿಗಳ ಹಣ ಬರಲಿ, ನನಗೇನೂ ತಕರಾರಿಲ್ಲ. ಆದರೆ ಬೋರ್ಡಿನ ಹಕ್ಕು ಬಕೆಟ್ಟಿನ ಜೊತೆಗೇ ಇರಬೇಕು. ಬೀಗ ಬಿದ್ದರೆ, ಗಲೀಜಾದರೆ, ಹೆಸರು ಇಳಿಯಲಿ. ಬಂದ ಹಣದಲ್ಲಿ ಮೊದಲ ಪಾಲು ತೊಳೆಯುವವರ ಸಂಬಳಕ್ಕೆ. ಗಿಜಿಗುಡುವ ಜಾಗಕ್ಕೆ ಎಲ್ಲರೂ ಓಡಿ ಬರ್ತಾರೆ. ಅದರ ಜೊತೆ ಜನ ಕಡಿಮೆ ಇರುವ ಒಂದು ತಾಣವನ್ನೂ ನೋಡಿಕೊಳ್ಳಬೇಕು ಅನ್ನೋ ಷರತ್ತಿರಲಿ.

ನಿಮ್ಮನೇಲೂ ನೀರು ಕುಡಿಯದೆ ಪ್ರಯಾಣ ಮಾಡೋರು ಇದ್ದಾರಾ? ನಿಮ್ಮ ದಾರಿಯಲ್ಲಿ ನಂಬಿ ನಿಲ್ಲಿಸಬಹುದಾದ ಜಾಗ ಯಾವುದು? ಬರೆದು ತಿಳಿಸಿ. ಅಮ್ಮನಿಗೆ ಓದಿ ಹೇಳ್ತೀನಿ.