ಜೀವಕೋಶವೂ ಅಡ್ಜಸ್ಟ್ ಮಾಡ್ಕೊಳ್ಳುತ್ತೆ, ಎಲ್ಲಿಯವರೆಗೆ?

‘ನನಗೇನಾಗಿದೆ? ಓಡಾಡ್ಕೊಂಡು ಚೆನ್ನಾಗೇ ಇದ್ದೀನಲ್ಲ!’ ಬಿಪಿ ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಿದ ಗೃಹಿಣಿಯರನ್ನು ಕೇಳಿ ನೋಡಿ, ಸಾಮಾನ್ಯವಾಗಿ ಸಿಗುವ ಉತ್ತರ ಇದೇ. ಅವರು ಸುಳ್ಳು ಹೇಳುತ್ತಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುವುದೂ ನಿಂತಿಲ್ಲ. ಆದರೆ ಒಳಗೆ ಹೃದಯದ ಜೀವಕೋಶಗಳು ಏರಿದ ಒತ್ತಡಕ್ಕೆ ಎದುರಾಗಿ ದಪ್ಪಗಾಗುತ್ತಾ, ಕಷ್ಟಪಟ್ಟು ರಕ್ತ ತಳ್ಳುತ್ತಾ ಇರುತ್ತವೆ. ಅವು ಅಡ್ಜಸ್ಟ್ ಮಾಡ್ಕೊಂಡಿರುವುದರಿಂದಲೇ ನಿಮಗೆ ಏನೂ ಗೊತ್ತಾಗುತ್ತಿಲ್ಲ.

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮಾ’ ಎಂದು ಮದುವೆಯ ದಿನದಿಂದ ಕೇಳಿಸಿಕೊಂಡವರಿಗೆ ಜೀವಕೋಶದ ಪಾಡು ಬೇಗ ಅರ್ಥವಾಗುತ್ತದೆ. ಕಷ್ಟ ಬಂದ ಕೂಡಲೇ ಅದು ಸಾಯುವುದಿಲ್ಲ. ಮೊದಲು ಹೊಂದಿಕೊಳ್ಳುತ್ತದೆ. ಹೊಂದಿಕೆಗೂ ಮೀರಿದರೆ ಗಾಯಗೊಳ್ಳುತ್ತದೆ. ಆಗಲೂ ತೊಂದರೆ ನಿವಾರಣೆಯಾದರೆ ಚೇತರಿಸಿಕೊಳ್ಳುತ್ತದೆ. ಒಂದು ಗಡಿ ದಾಟಿದ ಮೇಲೆ ಮಾತ್ರ ವಾಪಸ್ ಬರುವ ದಾರಿ ಇಲ್ಲ.

ಹೊಂದಾಣಿಕೆ ಎಲ್ಲವೂ ಕೆಟ್ಟದ್ದೇನಲ್ಲ. ಹೊಲದಲ್ಲಿ ಕುಡುಗೋಲು ಹಿಡಿಯುವ ಅಂಗೈ ಜಡ್ಡುಗಟ್ಟುವುದು ಚರ್ಮದ ಜೀವಕೋಶಗಳು ಹೆಚ್ಚಾಗಿ ಹುಟ್ಟಿ ಕಟ್ಟಿದ ರಕ್ಷಾಕವಚ. ಕೈ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡವರ ತೋಳು ಸಣಕಲಾಗಿರುತ್ತದೆ. ಕೆಲಸವಿಲ್ಲದ ಸ್ನಾಯುವಿನ ಕೋಶಗಳು ಖರ್ಚು ಉಳಿಸಲು ಕುಗ್ಗಿರುತ್ತವೆ, ಅಷ್ಟೇ. ವ್ಯಾಯಾಮ ಶುರುವಾದರೆ ಮತ್ತೆ ತುಂಬಿಕೊಳ್ಳುತ್ತವೆ. ಗರ್ಭಕೋಶದ್ದಂತೂ ಅದ್ಭುತವೇ. ಮುಷ್ಟಿಯಷ್ಟಿದ್ದು 60–70 ಗ್ರಾಂ ತೂಗುವ ಅದು ಹೆರಿಗೆಯ ಹೊತ್ತಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಆಗುತ್ತದೆ. ಮುಖ್ಯವಾಗಿ ಅದರ ಸ್ನಾಯುಕೋಶಗಳು ಹಿಗ್ಗಿ ದೊಡ್ಡದಾಗುವುದರಿಂದ ಹೀಗಾಗುತ್ತದೆ. ಬಾಣಂತನದ ಆರು ವಾರಗಳಲ್ಲಿ ಅದೇ ಗರ್ಭಕೋಶ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಇಳಿಯುತ್ತದೆ.

ಸಾವು ಕೂಡ ಕೆಲವೊಮ್ಮೆ ಒಳ್ಳೆಯದೇ! ಹೊಟ್ಟೆಯಲ್ಲಿರುವ ಮಗುವಿನ ಕೈ ಮೊದಲು ಬಾತುಕೋಳಿ ಪಾದದ ಹಾಗೆ ಇರುತ್ತದೆ. ಬೆರಳುಗಳ ಮಧ್ಯದ ಕೋಶಗಳು ತಾವಾಗಿಯೇ ಅಳಿದು ಜಾಗ ಬಿಟ್ಟುಕೊಟ್ಟಾಗಲೇ ಬೆರಳು ಬಿಡಿಬಿಡಿಯಾಗುವುದು. ಹೀಗೆ ಗಲಾಟೆಯಿಲ್ಲದೆ, ಮುದುಡಿ, ಚೂರಾಗಿ, ಅಕ್ಕಪಕ್ಕದ ಕೋಶಗಳಿಗೆ ಆಹಾರವಾಗಿ ಹೋಗುವ ಸಾವಿಗೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ವಿಜ್ಞಾನಿಗಳು ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದು ಎಂದರ್ಥ. ಇದನ್ನು ನಡೆಸುವ ಜೀನ್‌ಗಳನ್ನು ಒಂದು ಪುಟ್ಟ ಹುಳುವಿನಲ್ಲಿ ಪತ್ತೆಹಚ್ಚಿದ ಕೆಲಸಕ್ಕೆ 2002ರಲ್ಲಿ ನೊಬೆಲ್ ಕೂಡ ಬಂತು.

ಇನ್ನೊಂದು ಬಗೆಯ ಸಾವು ಹೀಗಲ್ಲ. ರಕ್ತ ಸಿಗದೆ, ವಿಷ ತಗುಲಿ, ಕೋಶ ಊದಿಕೊಂಡು ಒಡೆದು ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲುತ್ತದೆ. ಸುತ್ತ ಉರಿಯೂತ ಏಳುತ್ತದೆ. ವೈದ್ಯರು ನೆಕ್ರೋಸಿಸ್ ಅನ್ನುವುದು ಇದಕ್ಕೇ. ನಾವು ಹೆದರಬೇಕಾದದ್ದೂ ಇದಕ್ಕೇ.

ಹೊಗೆ ಮತ್ತು ಕೊಬ್ಬು

ನಮ್ಮ ಶ್ವಾಸನಾಳದ ಒಳಗೋಡೆಯ ಕೋಶಗಳಿಗೆ ಸಣ್ಣ ಕೂದಲಿನಂಥ ರೋಮಗಳಿವೆ. ಧೂಳು, ಕಫವನ್ನು ಪೊರಕೆಯಂತೆ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ವರ್ಷಗಟ್ಟಲೆ ಹೊಗೆ ಕುಡಿದರೆ ಈ ಕೋಶಗಳಿದ್ದ ಕಡೆ ಚಪ್ಪಟೆಯಾದ, ಗಡುಸಾದ ಬೇರೆ ಜಾತಿಯ ಕೋಶಗಳು ಬೆಳೆಯುತ್ತವೆ. ಅವು ಹೊಗೆ ತಡೆಯುತ್ತವೆ ನಿಜ, ಆದರೆ ಗುಡಿಸಲು ಬರುವುದಿಲ್ಲ. ಕಫ ಅಲ್ಲೇ ಕೂರುತ್ತದೆ, ಕೆಮ್ಮು ಬಿಡುವುದಿಲ್ಲ. ಹೊಗೆ ಮುಂದುವರಿದರೆ ಈ ಜಾಗದಲ್ಲೇ ಕ್ಯಾನ್ಸರ್ ಮೊಳೆಯುವ ಅಪಾಯವೂ ಉಂಟು. ಬೀಡಿ, ಸಿಗರೇಟಿನ ಹೊಗೆ ಇದಕ್ಕೆ ಮೊದಲ ಕಾರಣ. ಸೌದೆ ಒಲೆಯದ್ದೂ ಸಾಚಾ ಅಲ್ಲ. ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲ ಒಲೆಗೆ ಸೌದೆ, ತೆಂಗಿನ ಗರಿ ಉರಿಸುವ ಮನೆಗಳು ಎಷ್ಟಿಲ್ಲ! ಬಚ್ಚಲಿಗೆ ಒಂದು ಹೊಗೆಗೂಡು ಕಟ್ಟಿಸುವುದಕ್ಕೆ ಮನೆಯ ಗಂಡಸರು ಯಾಕೋ ಮನಸ್ಸು ಮಾಡುವುದೇ ಇಲ್ಲ.

ಲಿವರ್ ಬಹಳ ಸಹನೆಯ ಅಂಗ. ಬೇಕಾದ್ದಕ್ಕಿಂತ ಹೆಚ್ಚು ತಿಂದು, ಕೂತಲ್ಲೇ ಕೂತರೆ ಅದರ ಕೋಶಗಳೊಳಗೆ ಕೊಬ್ಬಿನ ಹನಿಗಳು ತುಂಬಿಕೊಳ್ಳುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬರೆದಿರುತ್ತಾರಲ್ಲ, ಅದೇ. ಕುಡಿಯದವರಿಗೂ ಬರುತ್ತದೆ. ಮಧುಮೇಹ, ಹೊಟ್ಟೆಯ ಬೊಜ್ಜು, ಪಿಸಿಓಡಿ ಇರುವ ಹೆಣ್ಣುಮಕ್ಕಳಲ್ಲಿ ಹೆಚ್ಚು. ಈ ಹಂತದಲ್ಲಿ ಕೋಶಕ್ಕೆ ಪೆಟ್ಟು ಬಿದ್ದಿರುತ್ತದೆ, ಸತ್ತಿರುವುದಿಲ್ಲ. ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ, ಅಂದರೆ 70 ಕೆ.ಜಿ. ಇರುವವರು ಮೂರೂವರೆ ಕೆ.ಜಿ. ಇಳಿಸಿದರೂ, ಕೊಬ್ಬು ಕರಗತೊಡಗುತ್ತದೆ. ಬಿಟ್ಟರೆ ಕೆಲವರಲ್ಲಿ ಅದು ಉರಿಯೂತವಾಗಿ, ಗಾಯದ ಕಲೆಗಟ್ಟಿ, ಕೊನೆಗೆ ಸಿರೋಸಿಸ್ ಆಗುತ್ತದೆ. ಅಲ್ಲಿಂದ ಹಿಂದಕ್ಕೆ ಬರುವುದು ಬಹಳ ಕಷ್ಟ.

ಗಡಿಯಾರ ಓಡುತ್ತಿರುತ್ತದೆ

ಲಿವರ್‌ಗೆ ವರ್ಷಗಳ ಕಾಲಾವಕಾಶವಿದೆ. ಹೃದಯಕ್ಕೆ ಅಷ್ಟು ಹೊತ್ತಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟಿ ರಕ್ತ ಪೂರ್ತಿ ನಿಂತರೆ ಆ ಭಾಗದ ಸ್ನಾಯು ಒಂದೆರಡು ನಿಮಿಷದಲ್ಲೇ ಬಡಿತ ನಿಲ್ಲಿಸುತ್ತದೆ. ಆದರೆ ಸತ್ತಿರುವುದಿಲ್ಲ. ಸುಮಾರು 20–30 ನಿಮಿಷ ಕಳೆದ ಮೇಲೆ ಒಳಪದರದ ಕೋಶಗಳು ಸಾಯತೊಡಗುತ್ತವೆ. ಸಾವು ಒಳಗಿನಿಂದ ಹೊರಪದರದ ಕಡೆ ಹಬ್ಬುತ್ತಾ, ಆರು ಗಂಟೆಯ ಹೊತ್ತಿಗೆ ಹೆಚ್ಚಿನ ಭಾಗ ಹೋಗಿರುತ್ತದೆ. ಸತ್ತ ಹೃದಯಕೋಶದ ಜಾಗದಲ್ಲಿ ಹೊಸದು ಹುಟ್ಟುವುದು ತೀರಾ ಕಡಿಮೆ. ಅಲ್ಲಿ ಬರೀ ಗಾಯದ ಕಲೆ ಉಳಿಯುತ್ತದೆ, ಅದು ಮಿಡಿಯುವುದಿಲ್ಲ.

ಈ ಅಮೂಲ್ಯ ಹೊತ್ತನ್ನು ನಮ್ಮ ಹೆಂಗಸರು ಏನು ಮಾಡುತ್ತಾರೆ? ‘ಗ್ಯಾಸ್ಟ್ರಿಕ್ ಇರಬೇಕು ಬಿಡು’ ಎಂದು ಸೋಡಾ ಕುಡಿಯುತ್ತಾರೆ, ಜೀರಿಗೆ ಕಷಾಯ ಕಾಯಿಸುತ್ತಾರೆ. ಎಲ್ಲರ ಊಟ ಮುಗಿಯಲಿ ಎಂದು ಕಾಯುತ್ತಾರೆ. ಮಹಿಳೆಯರಿಗೂ ಎದೆನೋವು ಬರುತ್ತದೆ. ಆದರೆ ಎದೆ ಹಿಡಿದುಕೊಂಡು ಕುಸಿಯುವ ಸಿನಿಮಾದ ನೋವೇ ಆಗಬೇಕೆಂದಿಲ್ಲ. ದವಡೆ, ಬೆನ್ನು, ತೋಳಿನಲ್ಲಿ ನೋವು, ತಣ್ಣನೆ ಬೆವರು, ವಾಕರಿಕೆ, ಉಬ್ಬಸ, ಎಂದೂ ಇಲ್ಲದ ಸುಸ್ತು ಇವೂ ಹೃದಯಾಘಾತದ ಸೂಚನೆ ಆಗಬಹುದು. ಮಧುಮೇಹ ಇದ್ದವರಿಗೆ ನೋವೇ ಇಲ್ಲದಿರಬಹುದು. ಮುಟ್ಟು ನಿಂತವರು, ಬಿಪಿ ಇರುವವರು, ಬಸುರಿಯಲ್ಲಿ ಬಿಪಿ ಅಥವಾ ಸಕ್ಕರೆ ಏರಿದ್ದವರು ಇನ್ನಷ್ಟು ಹುಷಾರಾಗಿರಬೇಕು.

ಅನುಮಾನ ಬಂದರೆ ಮಹಡಿ ಮೆಟ್ಟಿಲು ಇಳಿದು, ಸ್ಕೂಟಿ ಓಡಿಸಿಕೊಂಡು ಹೋಗುವ ಸಾಹಸ ಬೇಡ. ಕೂತಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ಹತ್ತಿರದಲ್ಲಿ ಇಸಿಜಿ ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಮೊದಲೇ ಗೊತ್ತಿರಲಿ. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲು ರಾಜ್ಯದಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಶುರುವಾಗಿದೆ. ನಿಮ್ಮ ತಾಲ್ಲೂಕಿನಲ್ಲಿ ಆ ಸೌಲಭ್ಯ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಒಮ್ಮೆ ವಿಚಾರಿಸಿಟ್ಟುಕೊಳ್ಳಿ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ‘ಟ್ರೋಪೋನಿನ್’ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಪೆಟ್ಟು ತಿಂದ ಹೃದಯಕೋಶದಿಂದ ಹೊರಗೆ ಸೋರುವ ವಸ್ತು ಅದು. ರಕ್ತದಲ್ಲಿ ಚೆನ್ನಾಗಿ ಕಾಣಿಸಿಕೊಳ್ಳಲು ಕೆಲವು ಗಂಟೆ ಹಿಡಿಯಬಹುದು. ಮೊದಲ ಇಸಿಜಿ ಕೂಡ ಸರಿಯಾಗಿಯೇ ಇರುವುದುಂಟು. ಆದ್ದರಿಂದ ‘ನಾರ್ಮಲ್ ಇದೆ’ ಎಂದ ತಕ್ಷಣ, ಮನೇಲಿ ಹಾಲು ಕಾಯಿಸಬೇಕು, ಮಕ್ಕಳು ಸ್ಕೂಲಿಂದ ಬರ್ತಾರೆ ಅಂತ ಎದ್ದು ಹೊರಡಬೇಡಿ. ಎರಡನೇ ಸಲದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ, ಅವರು ಬೇಕೆಂದರೆ ಅದು ಮುಗಿಯುವ ತನಕ ಅಲ್ಲೇ ಇರಿ.