ನೌಕರಿ ಬಿಡುವ ಮುನ್ನ ತೋಟದ ಲೆಕ್ಕ

ಸಾಲದ ಅರ್ಜಿ ಹಿಡಿದು ಸಂಘದ ಕಚೇರಿಗೆ ಬರುವ ಹಿರಿಯ ಸದಸ್ಯರು ಈಚೆಗೆ ಅರ್ಜಿಯ ಜೊತೆಗೆ ಇನ್ನೊಂದು ಮಾತನ್ನೂ ಎತ್ತುತ್ತಾರೆ: "ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುತ್ತೇನೆ ಅನ್ನುತ್ತಾನೆ. ಏನು ಹೇಳೋಣ?" ತಂದೆಗೆ ವಯಸ್ಸಾಗಿದೆ, ಕೊನೆಗಾರರು ಹೊತ್ತಿಗೆ ಸಿಕ್ಕುವುದಿಲ್ಲ. ಮಕ್ಕಳು ಬರಲಿ ಎಂಬ ಆಸೆ ಒಂದು ಕಡೆ, ತಿಂಗಳ ಸಂಬಳ ತಪ್ಪೀತೆಂಬ ಅಳುಕು ಇನ್ನೊಂದು ಕಡೆ. ಬರಬೇಕೇ ಬೇಡವೇ ಎಂಬುದು ಆಯಾ ಮನೆಯವರ ತೀರ್ಮಾನ. ಆದರೆ ಯಾವಾಗ ಬರಬೇಕು ಎಂಬುದನ್ನು ತೋಟವೇ ಹೇಳುತ್ತದೆ ಎಂದು ನಾವು ತಿಳಿಯುತ್ತೇವೆ.

ಕಾಯುವ ವರ್ಷಗಳು

ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದರಿಂದ ಏಳು ವರ್ಷ ಬೇಕು. ಅರೇಬಿಕಾ ಕಾಫಿ ಮೂರು ನಾಲ್ಕನೆಯ ವರ್ಷದಲ್ಲಿ ಮೊದಲ ಫಸಲು ತೋರಿಸುತ್ತದೆ. ಅಷ್ಟು ದಿನ ಕೂಲಿ, ಗೊಬ್ಬರ, ಔಷಧಿ ಸಿಂಪಡಣೆ ಯಾವುದೂ ಕಾಯುವುದಿಲ್ಲ. ರಾಜೀನಾಮೆ ಕೊಟ್ಟು ಬಂದು ಸಸಿ ನೆಡುವವನು ಈ ವರ್ಷಗಳನ್ನು ಸಾಲದಲ್ಲಿ ಕಳೆಯುತ್ತಾನೆ. ಸಂಬಳ ಬರುತ್ತಿರುವಾಗಲೇ ನೆಟ್ಟು, ಗಿಡ ಫಲಕ್ಕೆ ಬಂದಾಗ ಬರುವವನಿಗೆ ಅದೇ ವರ್ಷಗಳು ಬಂಡವಾಳವಾಗುತ್ತವೆ.

ಒಂದು ವರ್ಷದ ಧಾರಣೆ ನೋಡಿ ಹೊರಡುವುದೂ ಅಪಾಯ. 2025ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಅದೇ ಅರೇಬಿಕಾ 2001ರಲ್ಲಿ ಅರ್ಧ ಡಾಲರಿಗೂ ಕೆಳಗೆ ಇಳಿದಿತ್ತು. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟ ಮೇಲೆಯೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು.

ಅಥಣಿ ರಸ್ತೆಯ ಪಾಠ

ನಮ್ಮ ಮಲೆನಾಡಿಗೆ ದೂರವಾದರೂ ಬಯಲುಸೀಮೆಯ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ವಿಜಯಪುರದಿಂದ ತೊರವಿ, ತಿಕೋಟಾ ಮಾರ್ಗವಾಗಿ ಅಥಣಿಗೆ ಹೋಗುವ ರಸ್ತೆಯ ಸೀಮೆಯಿದು. ಬರ ಬಿದ್ದಾಗ ಜನ ಗುಳೆ ಹೊರಡುತ್ತಿದ್ದ ನೆಲ. ಕೊಳವೆಬಾವಿ, ಹನಿ ನೀರಾವರಿಗಳಿಂದ ಅಲ್ಲಿ ದ್ರಾಕ್ಷಿ ಪಡಗಳು ಎದ್ದವು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಆ ಭಾಗಕ್ಕೆ ಕೃಷ್ಣೆಯ ನೀರೂ ಬಂತು. ದ್ರಾಕ್ಷಿ ಎರಡು ವರ್ಷದೊಳಗೇ ಫಲ ಕೊಡುತ್ತದೆ. ನಮ್ಮವರಿಗೆ ಇದು ಸುಲಭವೆನಿಸೀತು.

ಆದರೆ ಕಬ್ಬಿಣದ ಕಂಬ, ತಂತಿ, ಹನಿ ಕೊಳವೆಗಳಿಗೆ ಎಕರೆಗೆ ಲಕ್ಷಗಟ್ಟಲೆ ಹಣವನ್ನು ಮೊದಲೇ ಹೂಡಬೇಕು. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿ ಸವರಬೇಕು. ಅಲ್ಲಿ ಇದಕ್ಕೆ ಚಾಟ್ನಿ ಎನ್ನುತ್ತಾರೆ. ಅಕ್ಟೋಬರ್ ಚಾಟ್ನಿಯ ನಂತರ ಹೂವಿನ ಹೊತ್ತಿಗೆ ಮಳೆ ಹಿಡಿದರೆ ಬೂಜು ರೋಗ ತಗಲಿ ವರ್ಷದ ಫಸಲೇ ಹೋದೀತು. ಒಣದ್ರಾಕ್ಷಿಗೆ ಹಾಕಿದ ಮೇಲೂ ಮಳೆಯ ಭಯ ತಪ್ಪಿದ್ದಲ್ಲ. ಅಲ್ಲಿ ಕಾಯುವ ಕಾಲ ಕಡಿಮೆ, ಒಂದೇ ವರ್ಷದ ಅಪಾಯ ಹೆಚ್ಚು. ನಮ್ಮಲ್ಲಿ ಕಾಯುವ ಕಾಲವೇ ಅಪಾಯ. ಬರಿಗೈಯಲ್ಲಿ ಬರುವವನನ್ನು ಎರಡೂ ಬೆಳೆ ಸಾಕುವುದಿಲ್ಲ.

ಅದೇ ವಿಜಯಪುರದಲ್ಲಿ ಬಾಳಿದ ಫ.ಗು. ಹಳಕಟ್ಟಿಯವರ (1880–1964) ಜೀವನದಲ್ಲೂ ಈ ಲೆಕ್ಕವೇ ಕಾಣುತ್ತದೆ. ಅವರು ವಕೀಲರು. ವಕೀಲಿ ಮಾಡುತ್ತಲೇ ವಚನಗಳ ತಾಡವೋಲೆಗಳನ್ನು ಹುಡುಕಿ ಸಂಗ್ರಹಿಸಿದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. ಆಮೇಲೆ ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಕೊನೆಗೆ ವಕೀಲಿಗಿಂತ ವಚನದ ಕೆಲಸವೇ ಅವರ ಬದುಕಾಯಿತು. ಅಂಥ ತ್ಯಾಗವನ್ನು ಎಲ್ಲರಿಗೂ ಉಪದೇಶಿಸಲಾಗದು. ಅದಕ್ಕೆ ಮುಂಚಿನ ವರ್ಷಗಳ ತಾಳ್ಮೆಯನ್ನಾದರೂ ನಾವು ಕಲಿಯಬಹುದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಫಲ ಕೊಡುವ ಮರ ಎಷ್ಟು, ಎಳೆಯದೆಷ್ಟು, ಮುದಿಯಾದದ್ದೆಷ್ಟು ಎಂದು ಎಣಿಸಿ ಬರೆದಿಡಿ. ಆದಾಯವನ್ನು ಕಳೆದ ಐದು ವರ್ಷಗಳ ಸರಾಸರಿ ಧಾರಣೆಯಲ್ಲಿ ಲೆಕ್ಕ ಹಾಕಿ.

2. ಎರಡು ವರ್ಷದ ಮನೆಖರ್ಚು, ತೋಟದ ಖರ್ಚು ಠೇವಣಿಯಲ್ಲಿರಲಿ. ಪಟ್ಟಣದ ಮನೆ, ಕಾರಿನ ಸಾಲ ತೀರಿರಲಿ.

3. ಗ್ರಾಚ್ಯುಟಿ, ಪಿಂಚಣಿಗೆ ಬೇಕಾದ ಸೇವಾವಧಿ ತುಂಬಲು ಕೆಲವೇ ತಿಂಗಳು ಉಳಿದಿದ್ದರೆ ಅಲ್ಲಿಯವರೆಗೆ ತಡೆಯಿರಿ. ಭವಿಷ್ಯನಿಧಿಯ ಹಣವನ್ನೆಲ್ಲ ಕೊಳವೆಬಾವಿಗೆ ಸುರಿಯಬೇಡಿ.

4. ಸಾಧ್ಯವಿದ್ದರೆ ರಜೆ ಹಾಕಿ ಒಂದು ಮಳೆಗಾಲ ತೋಟದಲ್ಲಿರಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಜುಲೈ ತಿಂಗಳು ಹೇಳುವುದನ್ನು ದೀಪಾವಳಿಯ ರಜೆ ಹೇಳುವುದಿಲ್ಲ.

5. ಹೆಂಡತಿಯ ಒಪ್ಪಿಗೆ, ಮಕ್ಕಳ ಶಾಲೆ ಇವುಗಳನ್ನು ಮೊದಲೇ ಮಾತಾಡಿಕೊಳ್ಳಿ.

ಹಿರಿಯರಿಗೂ ಒಂದು ಮಾತು. ಮಗನಾಗಲಿ ಮಗಳಾಗಲಿ ನೌಕರಿ ಬಿಟ್ಟು ಬಂದರೆ ಕೆಲಸದ ಜೊತೆಗೆ ಲೆಕ್ಕದ ಪುಸ್ತಕವನ್ನೂ ಕೊಡಿ. ಐವತ್ತು ರೂಪಾಯಿಗೂ ಅಪ್ಪನನ್ನು ಕೇಳಬೇಕಾದ ಮನೆಯಲ್ಲಿ ಓದಿದ ಮಕ್ಕಳು ನಿಲ್ಲಲಾರರು.

ಒಂದೆರಡು ಎಕರೆಯ ಸದಸ್ಯರ ಲೆಕ್ಕ "ಸದ್ಯ ನೌಕರಿಯಲ್ಲೇ ಇರು" ಎಂದು ಹೇಳಿದರೆ ಅದರಲ್ಲಿ ಸೋಲಿಲ್ಲ. ಸಂಬಳದ ಒಂದು ಪಾಲು ಮರುನಾಟಿಗೆ ಬಂದರೂ ತೋಟ ಉಳಿಯುತ್ತದೆ. ತೀರ್ಮಾನಕ್ಕೆ ಮುಂಚೆ ಪಹಣಿ, ಫಸಲಿನ ಚೀಟಿ, ಸಾಲದ ಪುಸ್ತಕಗಳೊಡನೆ ಕಚೇರಿಗೆ ಬಂದರೆ ಲೆಕ್ಕ ಹಾಕಲು ನಾವು ಜೊತೆಗೆ ಕೂರುತ್ತೇವೆ.